ಪದವಿ ಬೇರೆ, ಹೊರಟಿದ್ದು ಮನಶ್ಶಾಸ್ತ್ರಕ್ಕೆ

ಮೇಜಿನ ಮೇಲೆ ಒಂದು ನಕ್ಷತ್ರದ ಚಿತ್ರ. ಅದು ನೇರವಾಗಿ ಕಣ್ಣಿಗೆ ಬೀಳದಂತೆ ಅಡ್ಡಹಲಗೆ, ಎದುರಿಗೆ ಕನ್ನಡಿ. ಕನ್ನಡಿಯ ಬಿಂಬವನ್ನಷ್ಟೇ ನೋಡುತ್ತ ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮೇಲಕ್ಕೆ ಹೋಗಬೇಕೆಂದುಕೊಂಡ ಕೈ ಕೆಳಕ್ಕೆ ಜಾರುತ್ತದೆ. ಪಕ್ಕದಲ್ಲಿ ಕೂತವರು ಸ್ಟಾಪ್‌ವಾಚ್ ಹಿಡಿದು ಎಷ್ಟು ಸೆಕೆಂಡು ಹಿಡಿಯಿತು, ಎಷ್ಟು ಸಲ ಗೆರೆ ದಾಟಿತು ಎಂದು ಬರೆದುಕೊಳ್ಳುತ್ತಾರೆ. ಮನಶ್ಶಾಸ್ತ್ರ ವಿಭಾಗಗಳ ಪ್ರಯೋಗಾಲಯಗಳಲ್ಲಿ ದಶಕಗಳಿಂದ ನಡೆದುಬಂದ ಪಾಠ ಇದು. ಈಗ ಬೆಂಗಳೂರಿನ ಎಂ.ಎಸ್ಸಿ. ತರಗತಿಗಳಲ್ಲಿ ಪೆನ್ಸಿಲ್ ಹಿಡಿದಾಕೆ ಈಗಷ್ಟೇ ಬಿ.ಎ. ಮುಗಿಸಿದ ಹುಡುಗಿಯಾದರೆ, ಸ್ಟಾಪ್‌ವಾಚ್ ಹಿಡಿದವರು ಏಳೆಂಟು ವರ್ಷ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದು ಬಂದವರಾಗಿರುವುದು ಅಪರೂಪವೇನಲ್ಲ. ಆಚೆ ಮೇಜಿನಲ್ಲಿ ಬಿ.ಕಾಂ. ಓದಿ ಬ್ಯಾಂಕಿನಲ್ಲಿದ್ದವರು, ಮಕ್ಕಳು ಶಾಲೆ ಸೇರಿದ ಮೇಲೆ ಮತ್ತೆ ಪುಸ್ತಕ ಹಿಡಿದ ಗೃಹಿಣಿ, ನರ್ಸಿಂಗ್ ಮುಗಿಸಿದವರು.

ಹೀಗೆ ಬರುವವರ ಕಾರಣಗಳು ಬೇರೆ ಬೇರೆ. ಮನೆಯಲ್ಲೊಬ್ಬರ ಕಾಯಿಲೆಯನ್ನು ಹತ್ತಿರದಿಂದ ಕಂಡವರಿದ್ದಾರೆ. ಸಹೋದ್ಯೋಗಿಗಳ ಅಳಲು ಕೇಳುತ್ತ ಕೇಳುತ್ತ ತಮ್ಮ ಒಲವು ಎತ್ತ ಎಂಬುದನ್ನು ಕಂಡುಕೊಂಡವರಿದ್ದಾರೆ. ಹದಿನೇಳನೇ ವಯಸ್ಸಿನಲ್ಲಿ ಸಿಇಟಿ ರ‍್ಯಾಂಕ್ ನೋಡಿ ಮನೆಯವರು ಆರಿಸಿದ ಕೋರ್ಸು ತಮ್ಮದಲ್ಲ ಎಂದು ತಡವಾಗಿ ತಿಳಿದವರೂ ಇದ್ದಾರೆ. ಕೆಲಸದ ಅಗತ್ಯವಂತೂ ನಿಜವಾದದ್ದು. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಬೇರೆ ಬೇರೆ ಕಾಯಿಲೆಗಳಲ್ಲಿ ಶೇ 70ರಿಂದ 92ರವರೆಗಿನ ರೋಗಿಗಳು ಚಿಕಿತ್ಸೆಯಿಂದ ದೂರ ಉಳಿದಿದ್ದರು. ಈ ಅಂತರ ತುಂಬಲು ಬೇರೆ ಪದವಿಯವರೂ ಬೇಕು. ಆದರೆ ಅವರು ಹಿಡಿಯಬೇಕಾದ ದಾರಿ ಎಷ್ಟು ಉದ್ದ, ಎಲ್ಲಿ ಕವಲೊಡೆಯುತ್ತದೆ ಎಂಬುದು ಹೊರಡುವವರಲ್ಲಿ ಹಲವರಿಗೆ ಅರ್ಧವಷ್ಟೇ ಗೊತ್ತಿರುತ್ತದೆ.

ಹೊರಗಿನವರು ಕಟ್ಟಿದ ಶಾಸ್ತ್ರ

ಮನಶ್ಶಾಸ್ತ್ರವನ್ನು ಕಟ್ಟಿದವರಲ್ಲಿ ಬಹುಮಂದಿ ಬೇರೆಡೆಯಿಂದ ಬಂದವರು. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದು ಈ ಶಾಸ್ತ್ರಕ್ಕೆ ಪ್ರತ್ಯೇಕ ನೆಲೆ ಕೊಟ್ಟ ವಿಲ್‌ಹೆಲ್ಮ್ ವುಂಟ್ ಓದಿದ್ದು ವೈದ್ಯಶಾಸ್ತ್ರ. ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ತೋರಿಸಿಕೊಟ್ಟ ಜಾನ್ ಪಿಯಾಜೆ ಡಾಕ್ಟರೇಟ್ ಪಡೆದದ್ದು ಶಂಖುಹುಳುವಿನಂಥ ಮೃದ್ವಂಗಿಗಳ ಅಧ್ಯಯನಕ್ಕೆ. ವರ್ತನಾವಾದದ ಬಿ.ಎಫ್. ಸ್ಕಿನ್ನರ್ ಪದವಿಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಕತೆಗಾರನಾಗಲು ಹೊರಟಿದ್ದವರು.

ಭಾರತದ ಕತೆಯೂ ಹೀಗೆಯೇ. ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ 1905ರಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮ ರಚಿಸಿಕೊಟ್ಟ ಬ್ರಜೇಂದ್ರನಾಥ ಶೀಲ್ ತತ್ವಶಾಸ್ತ್ರದ ಪಂಡಿತರು. ಅಲ್ಲಿ ದೇಶದ ಮೊದಲ ಮನಶ್ಶಾಸ್ತ್ರ ವಿಭಾಗ 1916ರಲ್ಲಿ ಶುರುವಾದಾಗ ವಿದ್ಯಾರ್ಥಿಯಾಗಿ ಬಂದವರಲ್ಲಿ ಗಿರೀಂದ್ರಶೇಖರ ಬೋಸ್ ಒಬ್ಬರು. ಅವರು ಆಗಲೇ ವೈದ್ಯರಾಗಿ ವೃತ್ತಿ ನಡೆಸುತ್ತಿದ್ದವರು. ಮತ್ತೆ ತರಗತಿಯಲ್ಲಿ ಕೂತು 1917ರಲ್ಲಿ ಸ್ನಾತಕೋತ್ತರ ಪದವಿ ಪಡೆದರು, 1921ರಲ್ಲಿ ಡಾಕ್ಟರೇಟ್ ಪಡೆದರು, ಮರುವರ್ಷ ಭಾರತೀಯ ಮನೋವಿಶ್ಲೇಷಣಾ ಸಂಘ ಸ್ಥಾಪಿಸಿದರು. ಫ್ರಾಯ್ಡ್ ಜೊತೆ ಅವರ ಪತ್ರವ್ಯವಹಾರ ವರ್ಷಗಟ್ಟಲೆ ನಡೆಯಿತು.

ಶೀಲರು 1921ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದರು. ಅವರ ಕಾಲದಲ್ಲೇ, 1924ರಲ್ಲಿ, ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಕಲಿತು ಬಂದವರು. 1935ರಲ್ಲಿ ಮನೆಯಿಂದಲೇ ರೇಡಿಯೊ ಕೇಂದ್ರ ನಡೆಸಿ ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಿಟ್ಟವರೂ ಅವರೇ. ರೇಡಿಯೊ ಗೋಪಾಲಸ್ವಾಮಿ ನಾಡಿಗೆ ಗೊತ್ತು. ಇಲ್ಲಿ ಮನಶ್ಶಾಸ್ತ್ರದ ಬೀಜ ಬಿತ್ತಿದ ಗೋಪಾಲಸ್ವಾಮಿಯನ್ನು ನೆನೆಯುವವರು ಕಡಿಮೆ.

ಇಂದಿನ ಎಂಜಿನಿಯರುಗಳಿಗೆ ಇನ್ನೂ ಹತ್ತಿರದ ಉದಾಹರಣೆ ಸುಧೀರ್ ಕಕ್ಕರ್. ಅವರು ಗುಜರಾತಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಜರ್ಮನಿಯ ಮಾನ್‌ಹೈಮ್‌ನಲ್ಲಿ ವಾಣಿಜ್ಯ ಮತ್ತು ಅರ್ಥಶಾಸ್ತ್ರ ಓದಿ, ವಿಯೆನ್ನಾದಲ್ಲಿ ಅರ್ಥಶಾಸ್ತ್ರಕ್ಕೇ ಡಾಕ್ಟರೇಟ್ ಪಡೆದವರು. ಗಾಂಧೀಜಿಯ ಕುರಿತು ಬರೆಯಲು ಅಹಮದಾಬಾದಿಗೆ ಬಂದಿದ್ದ ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್‌ರ ಭೇಟಿ ಅವರ ದಿಕ್ಕನ್ನೇ ತಿರುಗಿಸಿತು. ಎರಿಕ್‌ಸನ್ ಕೂಡ ಚಿತ್ರಕಲೆಯಿಂದ ಬಂದವರು, ವಿಶ್ವವಿದ್ಯಾಲಯದ ಪದವಿಯೇ ಇಲ್ಲದವರು. ಕಕ್ಕರ್ 1970ರ ದಶಕದ ಆರಂಭದಲ್ಲಿ ಫ್ರಾಂಕ್‌ಫರ್ಟಿನ ಸಿಗ್ಮಂಡ್ ಫ್ರಾಯ್ಡ್ ಸಂಸ್ಥೆಯಲ್ಲಿ ಹಲವು ವರ್ಷ ತರಬೇತಿ ಪಡೆದ ಮೇಲೆಯೇ ರೋಗಿಗಳನ್ನು ನೋಡಲು ಕೂತರು. ಹಳೆಯ ಪದವಿಗಳು ಅವರಿಗೆ ಅಡ್ಡಿಯಾಗಲಿಲ್ಲ. ಹಾಗೆಂದು ಆ ಪದವಿಗಳು ಹೊಸ ತರಬೇತಿಯ ಜಾಗದಲ್ಲಿ ನಿಲ್ಲಲೂ ಇಲ್ಲ.

ಯಾರು ಯಾರು?

ಹೊರಡುವ ಮೊದಲು ತಲುಪಬೇಕಾದ ಊರು ಯಾವುದೆಂದು ಗೊತ್ತಿರಬೇಕು. ಜನ ಸಾಮಾನ್ಯವಾಗಿ ಒಂದೇ ಎಂದುಕೊಳ್ಳುವ ಕೆಲಸಗಳು ಕಾನೂನಿನಲ್ಲೂ ತರಬೇತಿಯಲ್ಲೂ ಬೇರೆ ಬೇರೆ.

ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಅಥವಾ ತತ್ಸಮಾನ ತರಬೇತಿ ಪಡೆದವರು. ಔಷಧಿ ಬರೆಯುವುದು ಅವರ ಕೆಲಸ. ಬೇರೆ ಪದವಿಯವರಿಗೆ ಈ ದಾರಿ ಮುಚ್ಚಿದೆ, ಮತ್ತೆ ನೀಟ್‌ನಿಂದಲೇ ಶುರುಮಾಡಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ವೈದ್ಯರಲ್ಲ. ಪರೀಕ್ಷೆಗಳ ಮೂಲಕ ತೊಂದರೆಯ ಸ್ವರೂಪ ಗುರುತಿಸಿ, ಮಾತಿನ ಚಿಕಿತ್ಸೆ ನೀಡುವವರು. ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಎಂ.ಎಸ್.ಡಬ್ಲ್ಯೂ. ಕಡೆಯಿಂದ ಬರುತ್ತಾರೆ, ರೋಗಿಯ ಮನೆ, ಕೆಲಸ, ಊರಿನ ಪರಿಸ್ಥಿತಿ ಅವರ ಕ್ಷೇತ್ರ. ಆಪ್ತಸಮಾಲೋಚಕರು ಶಾಲೆ, ಕಾಲೇಜು, ಕಚೇರಿ, ಕುಟುಂಬ ಸಲಹಾ ಕೇಂದ್ರಗಳಲ್ಲಿ ದೈನಂದಿನ ಬದುಕಿನ ಬಿಕ್ಕಟ್ಟುಗಳಲ್ಲಿ ಜೊತೆಗಿರುತ್ತಾರೆ.

ಚಿಕಿತ್ಸೆಗೆ ಸಂಬಂಧವೇ ಇಲ್ಲದ ದೊಡ್ಡ ಭಾಗವೂ ಈ ಶಾಸ್ತ್ರದಲ್ಲಿದೆ. ನೌಕರರ ಆಯ್ಕೆ ಮತ್ತು ಕೆಲಸದ ವಾತಾವರಣವನ್ನು ಅಧ್ಯಯನ ಮಾಡುವ ಸಂಘಟನಾ ಮನಶ್ಶಾಸ್ತ್ರ, ನೆನಪು ಮತ್ತು ಗಮನದ ಮೇಲಿನ ಸಂಶೋಧನೆ, ನ್ಯಾಯಾಲಯಕ್ಕೆ ಬೇಕಾದ ಅಪರಾಧ ಮನಶ್ಶಾಸ್ತ್ರ, ಕಲಿಕೆಯ ತೊಡಕಿರುವ ಮಕ್ಕಳ ಶೈಕ್ಷಣಿಕ ಮನಶ್ಶಾಸ್ತ್ರ. ‘ಜನರಿಗೆ ಸಹಾಯ ಮಾಡಬೇಕು’ ಎಂದು ಹೊರಟವರೆಲ್ಲ ಕ್ಲಿನಿಕಲ್ ಒಂದೇ ದಾರಿಯೆಂದು ಭಾವಿಸಿ ಅಲ್ಲಿನ ಕೆಲವೇ ಸೀಟುಗಳಿಗೆ ಮುಗಿಬೀಳುವುದು ಇಂದಿನ ದೊಡ್ಡ ತೊಡಕು.

ಮೊದಲ ಬಾಗಿಲು: ಸ್ನಾತಕೋತ್ತರ ಪದವಿ

ಬೇರೆ ಪದವಿಯವರಿಗೆ ಭಾರತದಲ್ಲಿ ಮೊದಲ ಮೆಟ್ಟಿಲು ಎರಡು ವರ್ಷದ ಎಂ.ಎ. ಅಥವಾ ಎಂ.ಎಸ್ಸಿ. ಇಲ್ಲೇ ಮೊದಲ ಗೊಂದಲವೂ ಎದುರಾಗುತ್ತದೆ. ಪದವಿಯಲ್ಲಿ ಮನಶ್ಶಾಸ್ತ್ರ ಒಂದು ಐಚ್ಛಿಕ ವಿಷಯವಾಗಿ ಇದ್ದಿರಬೇಕೆಂದು ಕೆಲವು ವಿಶ್ವವಿದ್ಯಾಲಯಗಳು ಕೇಳುತ್ತವೆ, ಕೆಲವು ಯಾವುದೇ ಪದವಿಯವರನ್ನು ಪ್ರವೇಶ ಪರೀಕ್ಷೆಯ ಆಧಾರದಲ್ಲಿ ಸೇರಿಸಿಕೊಳ್ಳುತ್ತವೆ. ಒಂದೇ ನಗರದ ಎರಡು ವಿಶ್ವವಿದ್ಯಾಲಯಗಳ ನಿಯಮ ಎರಡು ಬಗೆಯಾಗಿರಬಹುದು. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ–ಪಿಜಿ ಎಂಬ ಸಾಮಾನ್ಯ ಪರೀಕ್ಷೆ ಬಂದಿದೆ. ಅದರಲ್ಲಿ ಮನಶ್ಶಾಸ್ತ್ರಕ್ಕೆ ಪ್ರತ್ಯೇಕ ಪತ್ರಿಕೆಯಿದೆ.

ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2025ರಲ್ಲಿ ಹೊರಡಿಸಿದ ಪದವಿ ಮತ್ತು ಸ್ನಾತಕೋತ್ತರ ಶಿಕ್ಷಣದ ನಿಯಮಾವಳಿ ಈ ವಿಷಯದಲ್ಲಿ ಬಾಗಿಲು ಅಗಲ ಮಾಡಿತು. ಪದವಿಯಲ್ಲಿ ಏನೇ ಓದಿರಲಿ, ಆಯಾ ವಿಷಯದ ರಾಷ್ಟ್ರೀಯ ಅಥವಾ ವಿಶ್ವವಿದ್ಯಾಲಯ ಮಟ್ಟದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಆ ವಿಷಯದ ಸ್ನಾತಕೋತ್ತರ ಪದವಿಗೆ ಸೇರಬಹುದು ಎನ್ನುತ್ತದೆ ಅದು. ಕಾಗದದ ಮೇಲಿನ ಈ ಅವಕಾಶವನ್ನು ಪ್ರತಿ ವಿಶ್ವವಿದ್ಯಾಲಯವೂ ತನ್ನ ಪ್ರವೇಶ ನಿಯಮದೊಳಗೆ ತರಬೇಕಾದ್ದರಿಂದ, ಆಯಾ ವರ್ಷದ ಪ್ರಕಟಣೆಯನ್ನೇ ಓದಿ ಮುಂದುವರಿಯುವುದು ಕ್ಷೇಮ.

ಅದೇ ವರ್ಷ ಇನ್ನೊಂದು ಬಾಗಿಲು ಮುಚ್ಚಿತು. ದೂರಶಿಕ್ಷಣದ ಎಂ.ಎ. ಮನಶ್ಶಾಸ್ತ್ರ, ಮುಖ್ಯವಾಗಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ, ಅಂದರೆ ಇಗ್ನೋದ, ಕೋರ್ಸು, ಕೆಲಸದಲ್ಲಿದ್ದವರಿಗೆ ಬಹುಕಾಲ ಆಸರೆಯಾಗಿತ್ತು. ಯಾವುದೇ ಪದವಿಯವರು ಸೇರಬಹುದಿತ್ತು, ಶುಲ್ಕ ಕಡಿಮೆ, ರಾತ್ರಿ ಓದಿ ಪರೀಕ್ಷೆ ಬರೆಯಬಹುದಿತ್ತು. ಮನಶ್ಶಾಸ್ತ್ರವೂ ಸೇರಿದಂತೆ ಆರೋಗ್ಯಸೇವೆಗೆ ಸಂಬಂಧಿಸಿದ ಕೋರ್ಸುಗಳಿಗೆ 2025ರ ಜುಲೈ–ಆಗಸ್ಟ್ ಸಾಲಿನಿಂದ ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಹೊಸ ಪ್ರವೇಶ ಕೊಡಬಾರದೆಂದು ಯುಜಿಸಿ ಆದೇಶಿಸಿತು. ಮನುಷ್ಯರ ಜೊತೆ ಮಾಡುವ ಕೆಲಸವನ್ನು ಅಂಚೆಯಲ್ಲಿ ಕಲಿಸಲಾಗದು ಎಂಬ ತರ್ಕ ಸರಿಯಾದದ್ದೇ. ಅದರ ಭಾರ ಬಿದ್ದದ್ದು ಮಾತ್ರ ನೌಕರಿ ಬಿಡಲಾಗದವರು, ಸಣ್ಣ ಊರಿನವರು ಮತ್ತು ಮನೆ ನಡೆಸುವ ಹೆಂಗಸರ ಮೇಲೆ. ಅವರಿಗೆಂದು ಸಂಜೆ ತರಗತಿಯ ಎಂ.ಎ., ವಾರಾಂತ್ಯದ ಪ್ರಯೋಗಾಲಯಗಳಂಥ ಏರ್ಪಾಟನ್ನು ಸಾರ್ವಜನಿಕ ವಿಶ್ವವಿದ್ಯಾಲಯಗಳೇ ಮಾಡಬೇಕು. ಇಲ್ಲವಾದರೆ ಈ ಓದು ದುಬಾರಿ ಶುಲ್ಕ ಕಟ್ಟಬಲ್ಲ ಮಹಾನಗರದವರಿಗಷ್ಟೇ ಉಳಿಯುತ್ತದೆ.

ತರಗತಿಯಲ್ಲಿ ಎದುರಾಗುವುದು

ಮನಶ್ಶಾಸ್ತ್ರವೆಂದರೆ ಮನಸ್ಸಿನ ಬಗ್ಗೆ ಮಾತು ಎಂದುಕೊಂಡು ಬಂದವರಿಗೆ ಮೊದಲ ಸೆಮಿಸ್ಟರಿನಲ್ಲೇ ಸಂಖ್ಯಾಶಾಸ್ತ್ರ ಎದುರಾಗುತ್ತದೆ. ಸರಾಸರಿ, ಸಹಸಂಬಂಧ, ಮಾದರಿಯ ಆಯ್ಕೆ, ಕಂಡ ವ್ಯತ್ಯಾಸ ಆಕಸ್ಮಿಕವೋ ಅಲ್ಲವೋ ಎಂದು ತೂಗುವ ಪರೀಕ್ಷೆಗಳು. ಕನ್ನಡ ಅಥವಾ ಇತಿಹಾಸ ಓದಿ ಬಂದವರು ಇಲ್ಲಿ ಬೆವರುತ್ತಾರೆ. ಎಂಜಿನಿಯರಿಗೆ ಸೂತ್ರ ಸಲೀಸು. ಅವರು ತಡವರಿಸುವುದು ಅದಕ್ಕಿಂತ ಮೂಲದ ಪ್ರಶ್ನೆಯ ಮುಂದೆ: ಆತಂಕವನ್ನೋ ಬುದ್ಧಿಯನ್ನೋ ಅಳೆಯುವುದೆಂದರೇನು? ಉಷ್ಣತೆಗೆ ಥರ್ಮಾಮೀಟರಿದೆ. ಆತಂಕಕ್ಕೆ ಇರುವುದು ಇಪ್ಪತ್ತೋ ಮೂವತ್ತೋ ಪ್ರಶ್ನೆಗಳ ಪಟ್ಟಿ. ಅದೇ ವ್ಯಕ್ತಿ ಹದಿನೈದು ದಿನದ ಮೇಲೆ ಉತ್ತರಿಸಿದರೆ ಅಂಕ ಅಷ್ಟೇ ಬರುತ್ತದೆಯೇ, ಅಳೆಯುತ್ತಿರುವುದು ಆತಂಕವನ್ನೋ ಬರಿಯ ದಣಿವನ್ನೋ, ಈ ಅಂಕವನ್ನು ಯಾವ ಜನರ ಅಂಕದ ಜೊತೆ ಹೋಲಿಸಬೇಕು ಎಂಬ ಮೂರು ಪ್ರಶ್ನೆಗಳ ಸುತ್ತ ಒಂದಿಡೀ ಪತ್ರಿಕೆ ಇರುತ್ತದೆ.

ಕೊನೆಯ ಪ್ರಶ್ನೆಗೆ ಕರ್ನಾಟಕದ ನೆಲದಲ್ಲೇ ಒಳ್ಳೆಯ ಪಾಠವಿದೆ. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಪರಿಷ್ಕಾರಗೊಂಡ ಬಿನೆ ಬುದ್ಧಿಪರೀಕ್ಷೆಯನ್ನು ವಿ.ವಿ. ಕಾಮತ್ 1930ರ ದಶಕದಲ್ಲಿ ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಪ್ರಶ್ನೆಗಳನ್ನು ಭಾಷಾಂತರಿಸಿದರೆ ಮುಗಿಯುತ್ತಿರಲಿಲ್ಲ. ಇಲ್ಲಿನ ಮಗು ಯಾವ ವಯಸ್ಸಿಗೆ ಏನನ್ನು ಬಲ್ಲದು ಎಂದು ನೂರಾರು ಮಕ್ಕಳನ್ನು ಕೂರಿಸಿ ನೋಡಬೇಕಿತ್ತು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಸಿ.ಎಂ. ಭಾಟಿಯಾ 1955ರಲ್ಲಿ ಪ್ರಕಟಿಸಿದ ಪರೀಕ್ಷಾಮಾಲೆ ಇನ್ನೊಂದು ದಾರಿ ಹಿಡಿಯಿತು. ಓದುಬರಹ ಬಾರದವರ ಬುದ್ಧಿಯನ್ನೂ ಅಳೆಯಲು ಮರದ ಘನಗಳು, ಬಿಡಿಚಿತ್ರಗಳನ್ನು ಜೋಡಿಸುವ ಕೆಲಸಗಳನ್ನು ಅದು ಬಳಸಿತು. ಇಂಥ ಪೆಟ್ಟಿಗೆಗಳನ್ನು ತೆರೆದು, ಸೂಚನೆಗಳನ್ನು ಒಂದಕ್ಷರ ಬದಲಿಸದೆ ಹೇಳಿ, ಅಂಕ ಹಾಕಿ, ವರದಿ ಬರೆಯಲು ಕಲಿಯುವುದರಲ್ಲಿ ತಿಂಗಳುಗಳು ಕಳೆಯುತ್ತವೆ.

ಮಿಕ್ಕ ಪತ್ರಿಕೆಗಳು ಮಿದುಳು ಮತ್ತು ನರಮಂಡಲ, ಗ್ರಹಿಕೆ ಮತ್ತು ನೆನಪು, ಹುಟ್ಟಿನಿಂದ ಮುಪ್ಪಿನವರೆಗಿನ ಬೆಳವಣಿಗೆ, ವ್ಯಕ್ತಿತ್ವ, ಸಮಾಜದಲ್ಲಿ ಮನುಷ್ಯನ ನಡವಳಿಕೆ, ಮಾನಸಿಕ ಅಸ್ವಸ್ಥತೆಗಳು. ಬಿ.ಎ.ಯಲ್ಲಿ ಮೂರು ವರ್ಷ ಓದಿ ಬಂದವರಿಗೆ ಇವುಗಳ ಪರಿಚಯ ಇರುತ್ತದೆ. ಹೊಸಬರು ಪ್ರವೇಶ ಪರೀಕ್ಷೆಗೆ ಮುಂಚೆಯೇ ಪದವಿಮಟ್ಟದ ಒಂದು ಸಾಮಾನ್ಯ ಮನಶ್ಶಾಸ್ತ್ರ ಪುಸ್ತಕ ಮತ್ತು ಒಂದು ಸಂಖ್ಯಾಶಾಸ್ತ್ರ ಪುಸ್ತಕವನ್ನು ಲೆಕ್ಕ ಮಾಡುತ್ತಲೇ ಓದಿ ಮುಗಿಸಿರಬೇಕು.

ಕನ್ನಡದಲ್ಲಿ ಓದಿಕೊಳ್ಳಬೇಕೆನ್ನುವವರಿಗೂ ನೆಲೆಯಿದೆ. ‘ಕೊರವಂಜಿ’ಯ ರಾಶಿಯೆಂದೇ ಹೆಸರಾದ ವೈದ್ಯ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನ ಮನೋವೈದ್ಯ ಸಿ.ಆರ್. ಚಂದ್ರಶೇಖರ್ ಮಾನಸಿಕ ಆರೋಗ್ಯವನ್ನು ಹಳ್ಳಿಯ ಓದುಗನಿಗೂ ತಲುಪುವ ಕನ್ನಡದಲ್ಲಿ ಬರೆದಿದ್ದಾರೆ. ಪರೀಕ್ಷೆಗೆ ಇಂಗ್ಲಿಷ್ ಪಠ್ಯ ಬೇಕೇ ಬೇಕು. ಆದರೆ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಹೇಗೆ ಮಾತಾಡಬೇಕೆಂದು ಕಲಿಸುವುದು ಇಂಥ ಪುಸ್ತಕಗಳೇ.

ವಿಜ್ಞಾನದಿಂದ ಬಂದವರಿಗೆ ಈ ಶಾಸ್ತ್ರದೊಳಗಿನ ಜಗಳವೊಂದು ಬೇಗನೆ ಕಿವಿಗೆ ಬೀಳುತ್ತದೆ. ಪ್ರಕಟವಾಗಿದ್ದ 100 ಅಧ್ಯಯನಗಳನ್ನು ಸಂಶೋಧಕರ ದೊಡ್ಡ ತಂಡವೊಂದು ಮತ್ತೆ ನಡೆಸಿ ನೋಡಿ 2015ರಲ್ಲಿ ವರದಿ ಮಾಡಿತು. ಮೊದಲಿನಂಥ ಸ್ಪಷ್ಟ ಫಲಿತಾಂಶ ಬಂದದ್ದು ಸುಮಾರು ಮೂರನೇ ಒಂದರಷ್ಟರಲ್ಲಿ. ಅದಕ್ಕೂ ಮುಂಚೆ, 2010ರಲ್ಲಿ, ಆಗ ಕೆನಡಾದಲ್ಲಿದ್ದ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಮನುಷ್ಯಮಾತ್ರರ ಬಗ್ಗೆ ಹೇಳುವ ಅಧ್ಯಯನಗಳಲ್ಲಿ ಬಹುಪಾಲು ಪಶ್ಚಿಮದ ಶ್ರೀಮಂತ ದೇಶಗಳ ವಿದ್ಯಾರ್ಥಿಗಳ ಮೇಲೆ ನಡೆದವು ಎಂದು ತೋರಿಸಿದ್ದರು. ಇದರಿಂದ ನಿರಾಶರಾಗಬೇಕಿಲ್ಲ. ತನ್ನ ತಪ್ಪನ್ನು ತಾನೇ ಹುಡುಕಿ ಪ್ರಕಟಿಸಿದ ಶಾಸ್ತ್ರ ಅದು. ರಾಯಚೂರಿನ ರೈತನಿಗೋ ಕಾರ್ಕಳದ ಬೀಡಿ ಕಟ್ಟುವ ಹೆಂಗಸಿಗೋ ಪುಸ್ತಕದ ಮಾತು ಅನ್ವಯಿಸುತ್ತದೆಯೇ ಎಂದು ಕೇಳಬಲ್ಲ ಹೊಸಬರು ಅದಕ್ಕೆ ಬೇಕಾಗಿದ್ದಾರೆ.

ವಾರ್ಡಿನಲ್ಲಿ ಕಲಿಯುವುದು

ಎಂ.ಎ. ಮುಗಿದ ಕೂಡಲೇ ಬೋರ್ಡು ಹಾಕಿ ಚಿಕಿತ್ಸೆ ಶುರುಮಾಡಬಹುದು ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಆಸ್ಪತ್ರೆಯಲ್ಲಿ, ಅನುಭವಿಗಳ ಕಣ್ಗಾವಲಿನಲ್ಲಿ ಪಡೆಯುವ ತರಬೇತಿ ಬೇಕು. ಭಾರತದಲ್ಲಿ ಅಂಥ ತರಬೇತಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಹೊಸೂರು ರಸ್ತೆಯ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1955ರಲ್ಲಿ ವೈದ್ಯಕೀಯ ಮನಶ್ಶಾಸ್ತ್ರದ ಡಿಪ್ಲೊಮಾ ಆರಂಭವಾಯಿತು. ಆ ಸಂಸ್ಥೆಯೂ ಪಕ್ಕದ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಡಿಪ್ಲೊಮಾ ಮುಂದೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಆಯಿತು. ಧಾರವಾಡದ ಡಿಮ್ಹಾನ್ಸ್, ಮಣಿಪಾಲ ಮೊದಲಾದ ಕಡೆಯೂ ಅದು ಬೆಳೆಯಿತು.

ಈ ಎರಡು ವರ್ಷ ವಿದ್ಯಾರ್ಥಿ ಬೆಳಿಗ್ಗೆ ಹೊರರೋಗಿ ವಿಭಾಗದಲ್ಲಿ ಹೊಸಬರ ಕತೆ ಕೇಳುತ್ತಾರೆ, ಪರೀಕ್ಷೆ ನಡೆಸುತ್ತಾರೆ, ವಾರ್ಡಿನಲ್ಲಿರುವವರ ಜೊತೆ ಮಾತಾಡುತ್ತಾರೆ, ಮಕ್ಕಳ ವಿಭಾಗ, ವ್ಯಸನಮುಕ್ತಿ, ನರವಿಜ್ಞಾನ ವಿಭಾಗಗಳಲ್ಲಿ ಸರದಿಯಂತೆ ಕೆಲಸ ಮಾಡುತ್ತಾರೆ. ಕೇಳಿದ್ದನ್ನೆಲ್ಲ ಮೇಲ್ವಿಚಾರಕರ ಮುಂದೆ ಬಿಚ್ಚಿಡುತ್ತಾರೆ. ಯಾವ ಪ್ರಶ್ನೆಯನ್ನು ಅವಸರದಲ್ಲಿ ಕೇಳಿದರು, ಎಲ್ಲಿ ಸುಮ್ಮನಿರಬೇಕಿತ್ತು, ಆತ್ಮಹತ್ಯೆಯ ಯೋಚನೆಯ ಬಗ್ಗೆ ನೇರವಾಗಿ ವಿಚಾರಿಸಲು ಏಕೆ ಹಿಂಜರಿದರು ಎಂಬುದೆಲ್ಲ ಅಲ್ಲಿ ಚರ್ಚೆಗೆ ಬರುತ್ತದೆ. ಈ ತಿದ್ದುವಿಕೆಗೆ ಯಾವ ಪುಸ್ತಕವೂ ಬದಲಿಯಾಗದು. ಈಜಿನ ಪಾಠವನ್ನು ದಡದಲ್ಲಿ ಕೂತು ಎಷ್ಟು ಕೇಳಿದರೂ ನೀರಿಗಿಳಿದಾಗಲೇ ಗೊತ್ತಾಗುವಂತೆ, ಎದುರಿಗೆ ಅಳುತ್ತ ಕೂತವರ ಮುಂದೆ ಕೂರುವುದು ಕೂತೇ ಬರಬೇಕು.

ಬೇರೆ ಕ್ಷೇತ್ರದಿಂದ ಬಂದವರ ಹಳೆಯ ಅಭ್ಯಾಸಗಳು ಇಲ್ಲಿ ಎದ್ದು ಕಾಣುತ್ತವೆ. ಪರಿಹಾರ ಕೊಟ್ಟೇ ಎದ್ದೇಳುವುದು ಎಂಜಿನಿಯರಿನ ಅಭ್ಯಾಸ. ರೋಗಿಯ ಮಾತು ಮುಗಿಯುವ ಮೊದಲೇ ಉಪಾಯ ಹೇಳಿಬಿಡುತ್ತಾರೆ. ಶಿಕ್ಷಕರಾಗಿದ್ದವರು ಬುದ್ಧಿ ಹೇಳತೊಡಗುತ್ತಾರೆ. ವಕೀಲಿಕೆಯಿಂದ ಬಂದವರು ಪಾಟೀಸವಾಲಿಗೆ ಇಳಿಯುತ್ತಾರೆ. ಇವನ್ನು ಬಿಡಿಸಲು ಸಮಯ ಬೇಕು.

ಭಾಷೆ ಇನ್ನೊಂದು ಪರೀಕ್ಷೆ. ಖಿನ್ನತೆಯಿರುವ ಹಳ್ಳಿಯ ಹೆಣ್ಣುಮಗಳು ‘ನನಗೆ ಖಿನ್ನತೆ’ ಎನ್ನುವುದಿಲ್ಲ. ಎದೆ ಭಾರ, ಕೈಕಾಲು ಸೆಳೆತ, ತಲೆ ಗಿಮ್ಮೆನ್ನುತ್ತದೆ, ಯಾವುದರಲ್ಲೂ ಮನಸ್ಸಿಲ್ಲ ಎನ್ನುತ್ತಾಳೆ. ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ ಎಂದು ಜೊತೆಗೆ ಬಂದವರು ಹೇಳುತ್ತಾರೆ. ಇಂಗ್ಲಿಷಿನಲ್ಲೇ ಓದಿ, ಇಂಗ್ಲಿಷಿನಲ್ಲೇ ಕಚೇರಿ ನಡೆಸಿದವರಿಗೆ ಕಲಬುರಗಿಯ, ಚಾಮರಾಜನಗರದ ಮಾತು ಕಿವಿಗೆ ಹತ್ತಲು ವರ್ಷವೇ ಬೇಕಾಗಬಹುದು. ಒಳ್ಳೆಯ ಕನ್ನಡ ಈ ವೃತ್ತಿಯಲ್ಲಿ ಪರೀಕ್ಷಾ ಪೆಟ್ಟಿಗೆಯಷ್ಟೇ ಅಗತ್ಯವಾದ ಸಾಧನ.

ಎಂ.ಫಿಲ್. ಈಗ ಬದಲಾವಣೆಯ ನಡುವೆ ಸಿಕ್ಕಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆ ಪದವಿಯನ್ನೇ ಕೈಬಿಟ್ಟಿತು. ಆಸ್ಪತ್ರೆಗಳಿಗೆ ಬೇಕಾದ ತರಬೇತಿ ನಿಂತುಹೋಗಬಾರದೆಂದು ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ಎಂ.ಫಿಲ್. ಪ್ರವೇಶಕ್ಕೆ ಮಾತ್ರ ಯುಜಿಸಿ 2025–26ರ ಸಾಲಿನವರೆಗೆ ಅವಕಾಶ ವಿಸ್ತರಿಸಿತು. ಅದರ ಜಾಗಕ್ಕೆ ಕ್ಲಿನಿಕಲ್ ಸೈಕಾಲಜಿಯಲ್ಲೇ ನಾಲ್ಕು ವರ್ಷದ ಆನರ್ಸ್ ಪದವಿ, ಎರಡು ವರ್ಷದ ಎಂ.ಎ. ಮತ್ತು ಸೈ.ಡಿ. ಎಂಬ ವೃತ್ತಿಪರ ಡಾಕ್ಟರೇಟ್ ಬರುತ್ತಿವೆ. ಬೇರೆ ಪದವಿಯವರಿಗೆ ಇದು ಎಚ್ಚರದ ಕಾಲ. ಹಿಂದಿನ ವರ್ಷ ಸೇರಿದವರ ಅನುಭವ ಈ ವರ್ಷಕ್ಕೆ ಹೊಂದದಿರಬಹುದು. ಸಾಮಾನ್ಯ ಎಂ.ಎ. ಮನಶ್ಶಾಸ್ತ್ರ ಮತ್ತು ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯಿರುವ ಎಂ.ಎ. ಕ್ಲಿನಿಕಲ್ ಸೈಕಾಲಜಿ ಹೆಸರಿನಲ್ಲಿ ಹತ್ತಿರ, ಕಾನೂನಿನಲ್ಲಿ ದೂರ.

ಹೆಸರಿನ ಮುಂದಿನ ಪದ

ಈ ಪುನರ್ವಸತಿ ಪರಿಷತ್ತು ಎಲ್ಲರ ಬಾಯಲ್ಲಿ ಆರ್‌ಸಿಐ. ಅದು 1992ರ ಕಾಯ್ದೆಯಡಿ ಕೆಲಸ ಮಾಡುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳಲು ಅದರ ಕೇಂದ್ರ ನೋಂದಣಿಯಲ್ಲಿ ಹೆಸರಿರಬೇಕು. ನೋಂದಣಿಯಿಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗಿನ ಸೆರೆವಾಸ, ದಂಡ ಅಥವಾ ಎರಡನ್ನೂ ಕಾಯ್ದೆ ವಿಧಿಸುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಕ್ಲಿನಿಕಲ್ ಸೈಕಾಲಜಿಸ್ಟ್ ಎಂಬುದಕ್ಕೆ ಈ ಮಾನ್ಯತೆಯ ಆಧಾರದಲ್ಲೇ ವ್ಯಾಖ್ಯೆ ಕೊಡುತ್ತದೆ.

ಉಳಿದವರ ಸ್ಥಿತಿ ಇನ್ನೂ ಸಡಿಲ. ಕೌನ್ಸೆಲರ್, ಥೆರಪಿಸ್ಟ್, ಲೈಫ್ ಕೋಚ್ ಎಂಬ ಹೆಸರುಗಳನ್ನು ಯಾರು ಬೇಕಾದರೂ ಹಾಕಿಕೊಂಡುಬಿಡುತ್ತಾರೆ. ಈ ಸಡಿಲಿಕೆಯಲ್ಲೇ ಮೂರು ತಿಂಗಳ, ಮೂರು ವಾರಾಂತ್ಯದ ‘ಸರ್ಟಿಫೈಡ್’ ಕೋರ್ಸುಗಳು ಬೆಳೆದಿವೆ. ಅವುಗಳಲ್ಲಿ ಕೆಲವು ಆಸಕ್ತಿಗಾಗಿ ಕಲಿಯಲು ಅಡ್ಡಿಯಿಲ್ಲ. ಆದರೆ ಅವುಗಳ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ ತೀವ್ರ ಖಿನ್ನತೆಯವರನ್ನು ‘ನೋಡುವುದು’ ಜೀವಕ್ಕೆ ಅಪಾಯ ತರುವ ಕೆಲಸ. ಯಾವ ಮಾತು ದುಃಖದ್ದು, ಯಾವ ಮಾತು ತುರ್ತಾಗಿ ಆಸ್ಪತ್ರೆಗೆ ಕಳುಹಿಸಬೇಕಾದದ್ದು ಎಂದು ಗುರುತಿಸುವುದೇ ತರಬೇತಿಯ ಮೊದಲ ಫಲ.

ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ 2021ರ ಕಾಯ್ದೆ ಈ ಕೊರತೆಯನ್ನು ತುಂಬಲು ಹೊರಟಿದೆ. ವರ್ತನಾ ಆರೋಗ್ಯ ವಿಜ್ಞಾನದ ವೃತ್ತಿಗಳಡಿ ಮನಶ್ಶಾಸ್ತ್ರಜ್ಞರನ್ನೂ ಸೇರಿಸಿಕೊಂಡು, ಓದಿನ ಮಟ್ಟ ಮತ್ತು ನೋಂದಣಿಯನ್ನು ಒಂದು ಚೌಕಟ್ಟಿಗೆ ತರುವುದು ಅದರ ಉದ್ದೇಶ. ದೂರಶಿಕ್ಷಣಕ್ಕೆ ತಡೆ ಬಿದ್ದದ್ದೂ ಈ ಕಾಯ್ದೆಯ ಹಿನ್ನೆಲೆಯಲ್ಲೇ. ಇಂದು ಓದಲು ಹೊರಟವರು ನಾಳೆಯ ನೋಂದಣಿಗೆ ತಮ್ಮ ಕೋರ್ಸು ಸಲ್ಲುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

ಬ್ರಿಟನ್ನಿನ ಕನ್ವರ್ಷನ್ ಕೋರ್ಸು

ಬೇರೆ ಪದವಿಯವರಿಗೆಂದೇ ಸ್ಪಷ್ಟ ಸೇತುವೆ ಕಟ್ಟಿದ ದೇಶ ಬ್ರಿಟನ್. ಅಲ್ಲಿನ ಕನ್ವರ್ಷನ್ ಕೋರ್ಸುಗಳು ಪದವಿಯ ತಿರುಳನ್ನು ಒಂದು ವರ್ಷ ಪೂರ್ಣಾವಧಿಗೆ, ಇಲ್ಲವೇ ಎರಡು ವರ್ಷ ಅರೆಕಾಲಿಕ ಓದಿಗೆ ಇಳಿಸುತ್ತವೆ. ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ ಮಾನ್ಯತೆಯಿದ್ದರೆ ಅದನ್ನು ಮುಗಿಸಿದವರು ಮನಶ್ಶಾಸ್ತ್ರವನ್ನೇ ಪದವಿಯಲ್ಲಿ ಓದಿದವರ ಸಾಲಿಗೆ ಸೇರುತ್ತಾರೆ. ಸ್ವತಂತ್ರ ಸಂಶೋಧನಾ ಪ್ರಬಂಧವೊಂದು ಕಡ್ಡಾಯ.

ಇದು ಆರಂಭವಷ್ಟೇ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಆಮೇಲೆ ಕೆಲಸದ ಅನುಭವ, ಮೂರು ವರ್ಷದ ಡಾಕ್ಟರೇಟ್ ತರಬೇತಿ, ಎಚ್‌ಸಿಪಿಸಿ ಎಂಬ ಶಾಸನಬದ್ಧ ಸಂಸ್ಥೆಯಲ್ಲಿ ನೋಂದಣಿ ಬೇಕು. ಸೀಟಿಗೆ ಪೈಪೋಟಿ ಬಹಳ. ಗಂಡ ಅಥವಾ ಹೆಂಡತಿಯ ಕೆಲಸಕ್ಕಾಗಿ ಲಂಡನ್ನಿಗೋ ಮ್ಯಾಂಚೆಸ್ಟರಿಗೋ ಹೋದ ಕನ್ನಡಿಗರು ಈ ಒಂದು ವರ್ಷದ ಕೋರ್ಸು ಮುಗಿಸಿ ಊರಿಗೆ ಮರಳಿದರೆ, ಅದರಿಂದಲೇ ಇಲ್ಲಿ ಆರ್‌ಸಿಐ ನೋಂದಣಿ ಸಿಗುವುದಿಲ್ಲ. ಇಲ್ಲಿನ ಎಂ.ಫಿಲ್. ಹಿಡಿದು ಅಲ್ಲಿಗೆ ಹೋದವರ ಓದನ್ನೂ ಅಲ್ಲಿನ ಸಂಸ್ಥೆ ತನ್ನ ಮಾನದಂಡದಲ್ಲಿ ತೂಗಿ ನೋಡುತ್ತದೆ. ಈ ವೃತ್ತಿಯ ಪರವಾನಗಿ ಗಡಿ ದಾಟುವಾಗ ತಾನಾಗಿ ಜೊತೆಗೆ ಬರುವುದಿಲ್ಲ.

ಕಾಲ, ಹಣ, ಹಳೆಯ ಓದು

ಒಟ್ಟು ಲೆಕ್ಕ ಹೀಗೆ. ಪ್ರವೇಶದ ತಯಾರಿಗೆ ಕೆಲವು ತಿಂಗಳು, ಎಂ.ಎ.ಗೆ ಎರಡು ವರ್ಷ, ಕ್ಲಿನಿಕಲ್ ತರಬೇತಿಗೆ ಇನ್ನೆರಡು ವರ್ಷ. ಸೀಟು ಮೊದಲ ಸಲವೇ ಸಿಗದಿದ್ದರೆ ನಡುವೆ ಮತ್ತೊಂದು ವರ್ಷ. ಮೂವತ್ತರಲ್ಲಿ ಹೊರಟವರು ಮೂವತ್ತೈದರ ಹೊತ್ತಿಗೆ ಹೊಸ ವೃತ್ತಿಯ ಮೊದಲ ಮೆಟ್ಟಿಲಲ್ಲಿ ನಿಂತಿರುತ್ತಾರೆ. ಸಾಫ್ಟ್‌ವೇರ್ ಸಂಬಳದಿಂದ ಬಂದವರಿಗೆ ಆದಾಯದ ಇಳಿತ ಬಹುಕಾಲ ಉಳಿಯಬಹುದು. ಗೃಹಸಾಲದ ಕಂತು ಕಟ್ಟುತ್ತಿರುವವರು ಇದನ್ನು ಮನೆಯವರ ಜೊತೆ ಕೂತು ಮಾತಾಡದೆ ರಾಜೀನಾಮೆ ಬರೆಯಬಾರದು.

ಇಷ್ಟು ದೂರ ಹೋಗಲಾಗದವರಿಗೂ ಎಂ.ಎ. ವ್ಯರ್ಥವಲ್ಲ. ಸಿಬಿಎಸ್‌ಇ ಶಾಲೆಗಳಿಗೆ ಸಮಾಲೋಚಕರು ಬೇಕು. ಸ್ವಯಂಸೇವಾ ಸಂಸ್ಥೆಗಳು, ಕೌಟುಂಬಿಕ ಸಲಹಾ ಕೇಂದ್ರಗಳು, ವ್ಯಸನಮುಕ್ತಿ ಕೇಂದ್ರಗಳು ಕೆಲಸ ಕೊಡುತ್ತವೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯಲ್ಲಿ, ಅಂದರೆ 14416ರಲ್ಲಿ, ಕರೆ ಸ್ವೀಕರಿಸುವವರು ತರಬೇತಿ ಪಡೆದ ಸಮಾಲೋಚಕರು. ಅಗತ್ಯ ಬಿದ್ದರೆ ಅವರು ಕರೆಯನ್ನು ತಜ್ಞರಿಗೆ ದಾಟಿಸುತ್ತಾರೆ. ಕನ್ನಡ ಬಲ್ಲವರಿಗೆ ಅಲ್ಲಿ ನಿಜವಾದ ಕೆಲಸವಿದೆ.

ಹಳೆಯ ಪದವಿಯನ್ನು ಮುಚ್ಚಿಡಬೇಕಾದ ಅಗತ್ಯವೂ ಇಲ್ಲ. ಕಂಪ್ಯೂಟರ್ ವಿಜ್ಞಾನ ಓದಿದವರು ಗಮನ ಮತ್ತು ನೆನಪಿನ ಸಂಶೋಧನೆಯಲ್ಲಿ ಇತರರಿಗಿಂತ ಮುಂದಿರಬಲ್ಲರು. ವಾಣಿಜ್ಯದಿಂದ ಬಂದವರಿಗೆ ಸಂಘಟನಾ ಮನಶ್ಶಾಸ್ತ್ರದಲ್ಲಿ ಕಾರ್ಖಾನೆಯ, ಕಚೇರಿಯ ಒಳಗುಟ್ಟು ಗೊತ್ತಿರುತ್ತದೆ. ಕಾನೂನು ಓದಿದವರು ಬಾಲನ್ಯಾಯ ಮಂಡಳಿಯ ಮುಂದೆ ಬರುವ ಮಕ್ಕಳ ಜೊತೆ ಕೆಲಸ ಮಾಡುವಾಗ ಎರಡೂ ಕಡೆಯ ಭಾಷೆ ಬಲ್ಲವರಾಗಿರುತ್ತಾರೆ. ಹತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವರು ಓದಿನಲ್ಲಿ ಹಿಂದುಳಿದ ಮಗುವನ್ನು ಗುರುತಿಸುವಲ್ಲಿ ಬೇರೆಯವರಿಗಿಂತ ಚುರುಕು.

ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯಬಹುದೆಂದು ಅದು ತೋರಿಸಿತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಆ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಮತ್ತು ದಾದಿಯರಿಗೆ ಸ್ಥಾನವಿದೆ. ಖಾಸಗಿ ಕ್ಲಿನಿಕ್ಕುಗಳೆಲ್ಲ ಬೆಂಗಳೂರು, ಮೈಸೂರು, ಮಂಗಳೂರಿನಂಥ ನಗರಗಳಲ್ಲಿ ಗುಂಪುಗೂಡಿರುವಾಗ, ನೋಂದಣಿ ಪಡೆದು ತಮ್ಮ ಊರಿನ ಜಿಲ್ಲಾಸ್ಪತ್ರೆಯತ್ತ ಮುಖ ಮಾಡುವವರಿಗೆ ಸ್ಪರ್ಧೆ ಕಡಿಮೆ, ಕೆಲಸ ಹೆಚ್ಚು. ಹೀಗೆ ಪಡೆದ ಆರ್‌ಸಿಐ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಆ ಅವಧಿಯಲ್ಲಿ ಪರಿಷತ್ತಿನ ಮಾನ್ಯತೆಯಿರುವ ಮರುತರಬೇತಿಗಳಿಗೆ ಹಾಜರಾಗಿ ಅಂಕ ಗಳಿಸಿರಬೇಕಾಗುತ್ತದೆ.